ಒಂದಡಿಗೆ ಒಂದಿಂಚು

ಹೋದ ಭಾನುವಾರ ಇಡೀ ದಿನ ಕೂತು ನಾನು ಮಾಡಿದ್ದು ಒಂದು ಒರಳುಕಲ್ಲು. ಅಗಲ ಒಂದೂವರೆ ಇಂಚು. ಮೂರು ಒಣಗುವಾಗಲೇ ಬಿರುಕು ಬಿಟ್ಟವು, ನಾಲ್ಕನೇದು ನಿಂತಿತು. ಸೋಮವಾರದ ಕಾಲ್‌ನಲ್ಲಿ ‘ವೀಕೆಂಡ್ ಏನ್ ಮಾಡ್ದೆ’ ಅಂತ ಟೀಮಿನವರು ಕೇಳಿದರೆ, ‘ಏನಿಲ್ಲ, ರೆಸ್ಟ್’ ಅಂದುಬಿಟ್ಟೆ.

ವಿಷಯ ಏನಂದ್ರೆ, ಆಲ್ದೂರಿನ ನಮ್ಮ ಮನೆಯ ಹಳೇ ಅಡುಗೆಮನೆಯನ್ನು ಈ ಮಳೆಗಾಲಕ್ಕೆ ಮುಂಚೆ ಕೆಡವ್ತಾರೆ. ತೀರ್ಮಾನ ಅಮ್ಮನದು. ಗ್ಯಾಸ್ ಬಂದು ವರ್ಷಗಳಾದರೂ ದೊಡ್ಡ ಅಡುಗೆಯೆಲ್ಲ ಇನ್ನೂ ಸೌದೆ ಒಲೆಯಲ್ಲೇ ನಡೀತಿತ್ತು. ಕೆಡವೋದು ಬೇಡ ಅಂತ ನಾನು ಫೋನಲ್ಲಿ ಜಗಳ ಆಡಿದೆ. ಬೆಂಗಳೂರಿನ ಫ್ಲ್ಯಾಟಲ್ಲಿ ಇಂಡಕ್ಷನ್ ಮುಂದೆ ನಿಂತು ‘ಒಲೆ ಉಳಿಸಿ’ ಅನ್ನೋದು ಸುಲಭ, ಗೊತ್ತು. ಸೋತ ಮೇಲೆ, ಒಂದು ಪುಟಾಣಿ ಪ್ರತಿಯಾದ್ರೂ ಇರ್ಲಿ ಅಂತ ಟೇಪು ಹಿಡ್ಕೊಂಡು ಊರಿಗೆ ಹೋದೆ.

ಈ ಹುಚ್ಚು ಹತ್ತಿದ್ದು ಫೋನಲ್ಲಿ ಕಂಡ ಒಂದು ಚಿತ್ರದಿಂದ. ಹಂಗೇರಿಯ ಹಳ್ಳಿಮನೆಯ ಅಡುಗೆಕೋಣೆ, ಗೊಂಬೆಮನೆಯ ಅಳತೆಯಲ್ಲಿ. ಗೋಡೆಯ ಮೇಲೆ ಹೂವಿನ ಚಿತ್ತಾರದ ತಟ್ಟೆಗಳು, ತೊಲೆಯಿಂದ ಇಳಿಬಿಟ್ಟ ಕೆಂಪು ಮೆಣಸಿನಕಾಯಿ ಸರ. ಅವರು ಮಾಡಬಹುದಾದರೆ ನಾವ್ಯಾಕೆ ಮಾಡಬಾರದು ಅನ್ನಿಸ್ತು.

ಗೊಂಬೆಮನೆ ಮಾಡುವವರು ಹೆಚ್ಚಾಗಿ ಬಳಸೋ ಅಳತೆ ಒಂದಕ್ಕೆ ಹನ್ನೆರಡು, ಅಂದ್ರೆ ಒಂದಡಿಗೆ ಒಂದಿಂಚು. ನವದೆಹಲಿಯನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ 1921ರಿಂದ 1924ರವರೆಗೆ ಇಂಗ್ಲೆಂಡಿನ ಮೇರಿ ರಾಣಿಗೆ ಕಟ್ಟಿಸಿಕೊಟ್ಟ ಗೊಂಬೆಮನೆಯೂ ಇದೇ ಅಳತೆಯದು. ನಲ್ಲಿಯಲ್ಲಿ ನೀರು ಬರುತ್ತೆ, ಕರೆಂಟ್ ದೀಪ ಉರಿಯುತ್ತೆ. ಇವತ್ತಿಗೂ ವಿಂಡ್ಸರ್ ಅರಮನೆಯಲ್ಲಿದೆ. ನಮ್ಮ ಅಡುಗೆಮನೆ ಹದಿನೈದಡಿಗೆ ಹನ್ನೆರಡಡಿ. ಅಂದ್ರೆ ಒಂದು ಟ್ರೇ ಮೇಲೆ ಕೂರುತ್ತೆ.

ಲೆಕ್ಕ ಸುಲಭ, ವಸ್ತು ಸಿಗೋದು ಕಷ್ಟ. ಸಾಸಿವೆ ಡಬ್ಬಿ ಮಾಡೋಕೆ ಹೋಗಿ ನಿಜವಾದ ಸಾಸಿವೆ ಸುರಿದರೆ, ಆ ಅಳತೆಯಲ್ಲಿ ಒಂದೊಂದೂ ನೆಲ್ಲಿಕಾಯಿಯಷ್ಟು! ಹಾಗಾಗಿ ಅದನ್ನ ನೆಲ್ಲಿಕಾಯಿ ಅಂತಲೇ ಭರಣಿಗೆ ಹಾಕಿದೆ. ಅಕ್ಕಿ ರೊಟ್ಟಿ ಮುಕ್ಕಾಲಿಂಚಿನ ಟಿಶ್ಯೂ ಪೇಪರ್ ಚಕ್ರ, ಸುಟ್ಟ ಚುಕ್ಕೆಗಳು ಕಾಫಿ ಡಿಕಾಕ್ಷನ್ನಿನವು. ಸೌದೆಗೆ ಕಾಫಿ ಗಿಡ ಕಸಿ ಮಾಡುವಾಗ ಬಿದ್ದ ಕಡ್ಡಿ. ಮಂಗಳೂರು ಹೆಂಚು ಮಾತ್ರ ಪ್ರಾಣ ತಿಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡುವಾಗ ಇಷ್ಟು ಬೈಗುಳ ತಿಂದಿರಲಿಕ್ಕಿಲ್ಲ. ಒಂದೊಂದು ಹೆಂಚೂ ಒಂದೂಕಾಲಿಂಚಿಗಿಂತ ಚೂರು ಉದ್ದ, ಮೇಲೆ ಆ ಗೀರುಗಳು ಬೇರೆ.

ಒಲೆ ಮೇಲಿನ ಅಟ್ಟ ನನ್ನ ಹೆಮ್ಮೆ. ಮಳೆಗಾಲಕ್ಕೆ ಕೂಡಿಟ್ಟ ಉಪ್ಪು, ಹುಣಸೆ, ಮೆಣಸಿನಕಾಯಿ ಎಲ್ಲ ಅಲ್ಲೇ. ಹೊಗೆಗೆ ಹುಳ ಹಿಡೀತಿರಲಿಲ್ಲ. ಒದ್ದೆ ಕಂಬಳಿ ಒಣಗ್ತಿದ್ದದ್ದೂ ಅದರ ಕೆಳಗೇ. ಜಂತೆಯಿಂದ ನಿಜವಾದ ಇಲ್ಲಣವನ್ನೇ ಕೆರೆದು ತಂದು ಗೋಡೆಗೆ ಉಜ್ಜಿದೆ. ಮಾಡಿನಲ್ಲಿದ್ದ ಒಂದೇ ಒಂದು ಗಾಜಿನ ಹೆಂಚನ್ನೂ ಬಿಡಲಿಲ್ಲ. ಚಿಕ್ಕವನಿದ್ದಾಗ ಬೆಳಗ್ಗೆ ಆ ಹೆಂಚಿನಿಂದ ಇಳೀತಿದ್ದ ಬಿಸಿಲುಕೋಲನ್ನ ನೋಡ್ತಾ ಕಡುಬು ತಿಂದಿದ್ದೇ ನನಗೆ ಊರು ಅಂದ್ರೆ. ಅದಕ್ಕೇ ಮೇಲೊಂದು ಪುಟ್ಟ ಎಲ್‌ಇಡಿ ಕೂಡ ಇಟ್ಟೆ.

ಅರ್ಧ ಆದದ್ದನ್ನ ಊರಿಗೆ ಒಯ್ದು ಅಮ್ಮನ ಮುಂದೆ ಲೈಟ್ ಹಾಕಿದೆ. ಹೊಗಳ್ತಾರೆ ಅಂದ್ಕೊಂಡಿದ್ದೆ. ಒಂದು ನಿಮಿಷ ನೋಡಿದರು.

‘ಬಿಸಿಲುಕೋಲು ಬರ್ಲಿಲ್ವಲ್ಲ?’

ಹೌದು, ಬೆಳಕು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು, ಕೋಲಾಗಿರಲಿಲ್ಲ.

‘ಹೊಗೆ ಇದ್ದಿದ್ದಕ್ಕೆ ಕಣೋ ಅದು ಹಂಗೆ ಕಾಣ್ತಿದ್ದಿದ್ದು. ನೀನು ಬಾಗಿಲ ಹತ್ರ ಕೂತು ನೋಡ್ತಿದ್ದೆ. ನಾನು ಅದರೊಳಗೆ ಕೂತಿದ್ದೆ.’

ಇಂಜಿನಿಯರಿಂಗ್ ಓದಿದ ನನಗೆ ಈ ಫಿಸಿಕ್ಸ್ ಹೊಳೆದಿರಲಿಲ್ಲ. ಕಣವಿಲ್ಲದೆ ಕಿರಣ ಕಾಣಲ್ಲ.

ಆಮೇಲೆ ಅಮ್ಮ ಹೇಳ್ತಾ ಹೋದರು. ಆಷಾಢದಲ್ಲಿ ಹಸಿ ಸೌದೆ, ಊದಿ ಊದಿ ತಲೆ ತಿರುಗ್ತಿದ್ದದ್ದು, ಕಣ್ಣು ಕೆಂಪಾದರೆ ‘ಯಾಕೆ ಅಳ್ತಿದೀಯ’ ಅಂತ ಯಾರೂ ಕೇಳ್ತಿರಲಿಲ್ಲವಂತೆ, ಅಡುಗೆಮನೇಲಿ ಎಲ್ಲರ ಕಣ್ಣೂ ಕೆಂಪೇ. ಅಜ್ಜಿಯ ಕೆಮ್ಮನ್ನ ನಾವೆಲ್ಲ ವಯಸ್ಸಿನ ಕೆಮ್ಮು ಅಂದ್ಕೊಂಡಿದ್ವಿ. ಹಾಗಂತ ಹೊಗೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಹೊಗೆಕೊಳವೆ ಇರೋ ಅಸ್ತ್ರ ಒಲೆ ಮಾಡಿದ್ದರು, ಅದು ಕರ್ನಾಟಕದ ಎಷ್ಟೋ ಹಳ್ಳಿ ತಲುಪಿತ್ತು. ನಮ್ಮನೆ ತಲುಪಲಿಲ್ಲ. ತೋಟಕ್ಕೆ ಪಂಪು ಬಂತು, ಜೀಪು ಬಂತು, ಒಲೆಗೊಂದು ಕೊಳವೆ ಬರಲಿಲ್ಲ. 2020ರಲ್ಲಿ ಪ್ರಪಂಚದಲ್ಲಿ ಮನೆಯೊಳಗಿನ ಹೊಗೆಯಿಂದ ಸತ್ತವರು ಸುಮಾರು 32 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ರಾತ್ರಿ ನಿದ್ದೆ ಬರದೆ ಓದಿದ್ದು.

ಬೆಳಗ್ಗೆ ಅಮ್ಮನೇ ಗೊಂಬೆಮನೆ ಮುಂದೆ ಕೂತಿದ್ದರು. ಒರಳು ಇಟ್ಟಿದ್ದ ಮೂಲೆ ತಪ್ಪಂತೆ, ಈಳಿಗೆಮಣೆ ಎಡಗಡೆ ಇರಬೇಕಂತೆ. ಎಲ್ಲ ಸರಿ ಮಾಡಿಸಿದರು. ಕೊನೆಗೆ ಒಲೆಯ ಎದುರಿನ ಗೋಡೆ ಮೇಲೆ ಬೆರಳಿಟ್ಟು, ‘ಇಲ್ಲೊಂದು ಕಿಟಕಿ ಕೊರಿ’ ಅಂದರು.

‘ಅಮ್ಮಾ, ಅಲ್ಲಿ ಕಿಟಕಿ ಇರ್ಲಿಲ್ಲ.’

‘ಇರ್ಲಿಲ್ಲ. ನಿಮ್ಮ ತಾತಂಗೆ ಹೇಳಿ ಹೇಳಿ ಸಾಕಾಗಿತ್ತು. ನೀನಾದ್ರೂ ಮಾಡು.’

ಇದ್ದದ್ದನ್ನ ಇದ್ದ ಹಾಗೇ ಉಳಿಸಬೇಕು ಅಂತ ತಾನೇ ಶುರುಮಾಡಿದ್ದು? ಬೆಂಗಳೂರಿಗೆ ಬಂದು ಒಂದು ವಾರ ಕಟರ್ ಮುಟ್ಟಲಿಲ್ಲ. ಮೊನ್ನೆ ರಾತ್ರಿ ಕೊರೆದೆ. ಮೂರಿಂಚು ಅಗಲ, ಸಣ್ಣ ಸರಳು ಹಾಕಿ, ಫೋಟೋ ಕಳಿಸಿದೆ.

ಉತ್ತರ ವಾಯ್ಸ್ ಮೆಸೇಜಲ್ಲಿ ಬಂತು: ‘ಚೆನ್ನಾಗಿದೆ. ಆದ್ರೆ ಮೇಲಾಯ್ತು ಕಣೋ. ನಾವು ಮಣೆ ಮೇಲೆ ಕೂತಲ್ವಾ ಅಡುಗೆ ಮಾಡ್ತಿದ್ದಿದ್ದು? ಕೂತೋರಿಗೆ ತೋಟ ಕಾಣ್ಬೇಕು.’

ಈ ಭಾನುವಾರ ಗೋಡೆ ಮತ್ತೆ ಮೊದಲಿಂದ.