ಪ್ರಭಾರ ಮತ್ತು ಕಾರ್ಯಭಾರ

ಕನ್ನಡದ ಕಚೇರಿ ಭಾಷೆಯಲ್ಲಿ ಎರಡು ಭಾರಗಳಿವೆ. ಒಂದು ಪ್ರಭಾರ, ಇನ್ನೊಂದು ಕಾರ್ಯಭಾರ. ಖಾಲಿ ಬಿದ್ದ ಕುರ್ಚಿಯಲ್ಲಿ ಸದ್ಯಕ್ಕೆ ಕೂತವರದು ಪ್ರಭಾರ. ವಾರಕ್ಕೆ ಇಷ್ಟು ಗಂಟೆ ಪಾಠ ಎಂದು ಹೊತ್ತವರದು ಕಾರ್ಯಭಾರ. ಹೈದರಾಬಾದಿನ ಸ್ಟಾಫ್ ರೂಮುಗಳಲ್ಲಿ ಈ ಪದಗಳು ಕೇಳಿಸುವುದಿಲ್ಲ. ಅಲ್ಲಿ ‘ಇನ್‌ಚಾರ್ಜ್’, ‘ವರ್ಕ್‌ಲೋಡ್’ ಎನ್ನುತ್ತಾರೆ. ಆದರೆ ಪ್ರಭಾರಕ್ಕೂ ಕಾರ್ಯಭಾರಕ್ಕೂ ನಡುವೆ ಒಂದು ಕಾಲೇಜು ಹೇಗೆ ಸೊರಗುತ್ತದೆ ಎಂಬುದನ್ನು ನೋಡಬೇಕಿದ್ದರೆ ಆ ನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

2024ರ ಮೇ ತಿಂಗಳಲ್ಲಿ ತೆಲಂಗಾಣದ ಹತ್ತು ವಿಶ್ವವಿದ್ಯಾಲಯಗಳ ಕುಲಪತಿಗಳ ಅವಧಿ ಒಟ್ಟಿಗೇ ಮುಗಿಯಿತು. ಅದು ಯಾವ ದಿನ ಮುಗಿಯುತ್ತದೆಂಬುದು ಅವರು ಅಧಿಕಾರ ವಹಿಸಿಕೊಂಡ ದಿನವೇ ಎಲ್ಲರಿಗೂ ಗೊತ್ತಿತ್ತು. ಆದರೂ ಹೊಸ ಹೆಸರುಗಳು ಸಿದ್ಧವಿರಲಿಲ್ಲ. ಉಸ್ಮಾನಿಯಾ ಸೇರಿದಂತೆ ಎಲ್ಲ ಕಡೆ ಐಎಎಸ್ ಅಧಿಕಾರಿಗಳಿಗೆ ಪ್ರಭಾರ ವಹಿಸಿದರು. ಹೆಚ್ಚಿನ ಕಡೆ ಹೊಸ ಕುಲಪತಿಗಳು ಬಂದದ್ದು ಅಕ್ಟೋಬರಿನಲ್ಲಿ. ಹೀಗಾದದ್ದು ಇದೇ ಮೊದಲಲ್ಲ. 2019ರಿಂದ 2021ರವರೆಗೂ ಇದೇ ಕತೆ. ಸಚಿವಾಲಯದಲ್ಲಿ ನಾಲ್ಕು ಇಲಾಖೆಯ ಕಡತ ನೋಡುವ ಅಧಿಕಾರಿ ಐದನೆಯದಾಗಿ ಒಂದು ವಿಶ್ವವಿದ್ಯಾಲಯವನ್ನೂ ನೋಡಿಕೊಳ್ಳುವುದು. ನೋಡಿಕೊಳ್ಳುವುದೆಂದರೆ ಸಹಿ ಹಾಕುವುದು.

ಇದು ಮೇಲಿನ ತುದಿ. ಕೆಳಗಿನ ತುದಿಯಲ್ಲಿ ಪಾಠ ಮಾಡುವವರಿದ್ದಾರೆ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. ಅಲ್ಲಿಂದ ಹತ್ತು ವರ್ಷ ಕಳೆದರೂ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಕಾಯಂ ನೇಮಕಾತಿ ನಡೆಯಲಿಲ್ಲ. 2022ರಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ನೇಮಕಾತಿ ಮಂಡಳಿ ಎಂಬ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, ರಾಜಭವನದಲ್ಲಿ ಸಿಕ್ಕಿಬಿತ್ತು. ಸರ್ಕಾರ ಬದಲಾಯಿತು. 2025ರ ಏಪ್ರಿಲ್‌ನಲ್ಲಿ 21ನೇ ನಂಬರಿನ ಸರ್ಕಾರಿ ಆದೇಶ ಬಂತು, ನೇಮಕಾತಿಯ ಹೊಸ ನಿಯಮಗಳೊಂದಿಗೆ. ಅದೇ ತಿಂಗಳು 12 ವಿಶ್ವವಿದ್ಯಾಲಯಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ತರಗತಿ ಬಿಟ್ಟು ಧರಣಿ ಕೂತರು. ಹೊಸಬರನ್ನು ಕರೆಯುವ ಮೊದಲು ಇಷ್ಟು ವರ್ಷ ಪಾಠ ಮಾಡಿದ ನಮ್ಮನ್ನು ಏನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇತ್ತು, ಹತ್ತು ವರ್ಷ ತಡವಾಗಿ ಬಂದಿತ್ತು ಅಷ್ಟೆ. ತಡ ಮಾಡಿದವರು ಅವರಲ್ಲ.

ಉಸ್ಮಾನಿಯಾ ಶುರುವಾದ ರೀತಿ ಇಲ್ಲಿ ನೆನೆಯುವಂಥದ್ದು. 1917ರಲ್ಲಿ ಮೊದಲು ಹುಟ್ಟಿದ್ದು ಅನುವಾದ ಇಲಾಖೆ, ದಾರುಲ್ ತರ್ಜುಮಾ. ಉರ್ದುವಿನಲ್ಲಿ ಪಾಠ ಹೇಳಬೇಕಿದ್ದರೆ ಉರ್ದುವಿನಲ್ಲಿ ಪುಸ್ತಕ ಬೇಕು. ಪುಸ್ತಕ ಬೇಕಿದ್ದರೆ ಸಂಬಳ ಕೊಟ್ಟು ಅನುವಾದಕರನ್ನು ಇಟ್ಟುಕೊಳ್ಳಬೇಕು. 1919ರಲ್ಲಿ ತರಗತಿಗಳು ತಾತ್ಕಾಲಿಕ ಕಟ್ಟಡವೊಂದರಲ್ಲಿ ಆರಂಭವಾದಾಗ 225 ವಿದ್ಯಾರ್ಥಿಗಳು, 25 ಅಧ್ಯಾಪಕರು. ಒಂಬತ್ತು ಮಂದಿಗೆ ಒಬ್ಬರು. ಇಂದು ಪ್ರತಿ ಕರಪತ್ರದ ಮೇಲೂ ಕಾಣುವ ಆ ಗುಲಾಬಿ ಬಣ್ಣದ ಆರ್ಟ್ಸ್ ಕಾಲೇಜು ಕಟ್ಟಡ ಸಿದ್ಧವಾದದ್ದು 1939ರಲ್ಲಿ, ಇಪ್ಪತ್ತು ವರ್ಷದ ನಂತರ. ಅಂದರೆ ಮೊದಲು ಪುಸ್ತಕ, ಆಮೇಲೆ ಮೇಷ್ಟ್ರು, ಕೊನೆಗೆ ಕಲ್ಲು. ನಿಜಾಮರ ಕಾಲವನ್ನು ಹೊಗಳುವುದಕ್ಕೆ ಈ ಮಾತಲ್ಲ. ಬೀದರ್, ಕಲಬುರಗಿ, ರಾಯಚೂರುಗಳಿಂದ ಓದಲು ಹೋದ ಕನ್ನಡದ ಹುಡುಗರು ತಮ್ಮದಲ್ಲದ ಭಾಷೆಯಲ್ಲಿ ಗಣಿತ ಕಲಿಯಬೇಕಾಯಿತು, ಅದರ ಕಹಿ ಬೇರೆಯೇ ಅಧ್ಯಾಯ. ಆದರೆ ಕ್ರಮವನ್ನಂತೂ ನೋಡಬೇಕು.

ಈಗಿನ ಕ್ರಮಕ್ಕೆ ಕೋಠಿಯ ಮಹಿಳಾ ಕಾಲೇಜಿದೆ. 1924ರಲ್ಲಿ ಶುರುವಾದ, ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಆವರಣದಲ್ಲಿರುವ ಸಂಸ್ಥೆ. 2022ರಲ್ಲಿ ಅದನ್ನು ಮಹಿಳಾ ವಿಶ್ವವಿದ್ಯಾಲಯ ಮಾಡಿದರು. 2024ರಲ್ಲಿ ಚಾಕಲಿ ಐಲಮ್ಮನ ಹೆಸರಿಟ್ಟರು. ಭೂಮಿಗಾಗಿ ದೇಶಮುಖರ ಎದುರು ನಿಂತ ಹೆಂಗಸಿನ ಹೆಸರು. ಅದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ. ಹೀಗೆ ಕೆಲವೇ ವರ್ಷದಲ್ಲಿ ಫಲಕ ಎರಡು ಸಲ ಬದಲಾಯಿತು. ಫಲಕ ಬದಲಿಸಲು ಹಣಕಾಸು ಇಲಾಖೆಯ ಒಪ್ಪಿಗೆಗೆ ಕಾಯಬೇಕಿಲ್ಲ. ಹುದ್ದೆ ತುಂಬಲು ಕಾಯಬೇಕು.

‘ಸಮುದಾಯ ಕಾಲೇಜು’ ಎಂಬ ಮಾತು ಅಮೆರಿಕದ್ದು. ಮನೆಯ ಹತ್ತಿರ, ಕಡಿಮೆ ಶುಲ್ಕದಲ್ಲಿ, ಕೆಲಸ ಮಾಡುತ್ತಲೇ ಓದುವವರಿಗೆ ಕಾಲೇಜು ಎಂಬುದು ಅದರ ಆಶಯ. ನಮ್ಮ ಯುಜಿಸಿ ಕೂಡ 2013ರ ಹೊತ್ತಿಗೆ ಆ ಹೆಸರಿನ ಯೋಜನೆಯೊಂದನ್ನು ತಂದಿತು. ಆದರೆ ಹೈದರಾಬಾದಿನಲ್ಲಿ ಆ ಕೆಲಸವನ್ನು ಹೆಸರಿಲ್ಲದೆ ಮಾಡುತ್ತ ಬಂದಿರುವುದು ಸರ್ಕಾರಿ ಪದವಿ ಕಾಲೇಜುಗಳು. ಬೆಳಿಗ್ಗೆ ಪಾಠ ಕೇಳಿ ಮಧ್ಯಾಹ್ನದ ಮೇಲೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವ, ರಾತ್ರಿ ಊಟದ ಡೆಲಿವರಿಗೆ ಬೈಕು ಓಡಿಸುವ ಹುಡುಗರು ಬರುವುದು ಅಲ್ಲಿಗೆ. ಅಮೆರಿಕದಿಂದ ಹೆಸರಿನ ಜೊತೆಗೆ ಒಂದು ರೋಗವೂ ಬಂದಿರಬೇಕು: ಅಲ್ಲಿನ ಸಮುದಾಯ ಕಾಲೇಜುಗಳ ಅಧ್ಯಾಪಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಯಾರಿಗೆ ಮೇಷ್ಟ್ರ ಸಮಯ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಗಂಟೆ ಲೆಕ್ಕದ ಮೇಷ್ಟ್ರು.

ತೆಲಂಗಾಣದಲ್ಲಿ ಗಂಟೆಯ ದರ 390 ರೂಪಾಯಿ. ತಿಂಗಳಿಗೆ ಹೆಚ್ಚೆಂದರೆ 72 ಗಂಟೆ. ಗುಣಿಸಿದರೆ 28,080. ಯುಜಿಸಿ 2019ರಲ್ಲಿ ಹೇಳಿದ ದರ ಒಂದು ಉಪನ್ಯಾಸಕ್ಕೆ 1,500, ತಿಂಗಳ ಮಿತಿ 50,000. ಇದರ ಬಗ್ಗೆ ಕೇಳಿದರೆ ಅದು ಯುಜಿಸಿಯ ಸಲಹೆ, ರಾಜ್ಯದ ಬಜೆಟ್ ಬೇರೆ ಎಂಬ ಉತ್ತರ ಸಿದ್ಧವಿರುತ್ತದೆ. ನ್ಯಾಕ್ ಅಂಕ ಬೇಕಾದಾಗ ಮಾತ್ರ ಅದೇ ಯುಜಿಸಿಯ ಮಾತು ವೇದ.

ಕನ್ನಡದವರು ಇವರಿಗೆ ಅತಿಥಿ ಉಪನ್ಯಾಸಕರು ಎಂದು ಹೆಸರಿಟ್ಟಿದ್ದೇವೆ. ತಿಥಿ ನೋಡದೆ ಬಂದವನು ಅತಿಥಿ ಎಂಬ ವ್ಯುತ್ಪತ್ತಿ ಶಾಲೆಯಲ್ಲಿ ಹೇಳಿಕೊಡುವಂಥದ್ದು. ಅಲೆಯುವುದು ಎಂಬರ್ಥದ ‘ಅತ್’ ಧಾತುವಿನಿಂದ ಬಂತೆನ್ನುವುದೂ ಇದೆ. ಈ ಸಂದರ್ಭಕ್ಕೆ ಎರಡನೆಯದೇ ಹೊಂದುತ್ತದೆ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಮೆಟ್ರೊ ಹಿಡಿದು ಇನ್ನೊಂದು, ಸಂಜೆ ಕೋಚಿಂಗ್ ಸೆಂಟರ್. ಕರ್ನಾಟಕವೂ ಬೀಗುವಂತಿಲ್ಲ. 2022ರ ಜನವರಿಯಲ್ಲಿ ದೊಡ್ಡ ಮುಷ್ಕರದ ಒತ್ತಡಕ್ಕೆ ಸಿಕ್ಕಿ ಗೌರವಧನವನ್ನು 26,000ದಿಂದ 32,000ದವರೆಗೆ ಏರಿಸಿತು. ಜೊತೆಗೇ ವಾರದ ಪಾಠವನ್ನು 8 ಗಂಟೆಯಿಂದ 15ಕ್ಕೆ ಏರಿಸಿತು. ಒಬ್ಬರಿಗೆ ಇಬ್ಬರ ಕಾರ್ಯಭಾರ ಬಂದಮೇಲೆ ಇನ್ನೊಬ್ಬರಿಗೆ ಎಲ್ಲಿ ಜಾಗ? 2024ರ ಹೊಸ ವರ್ಷದ ದಿನ ಇವರೇ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟದ್ದು ಅತಿಥಿಗಳು ನಡೆದುಕೊಳ್ಳುವ ರೀತಿಯಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ, ಆತಿಥ್ಯ ಎಂಥದಿತ್ತು ಎಂದು ಅವರು ಕೇಳಿಕೊಳ್ಳಲಿ.

ಸರ್ಕಾರವನ್ನು ಬಯ್ಯುವುದು ಸುಲಭ, ಬಯ್ಯಬೇಕಾದದ್ದೂ ಹೌದು. ಆದರೆ ಈ ವ್ಯವಸ್ಥೆ ದಿನದಿನಕ್ಕೂ ನಡೆಯುವುದು ಕಾಲೇಜಿನ ಆಫೀಸಿನಲ್ಲಿ. ಪ್ರಾಂಶುಪಾಲರು, ಕುಲಸಚಿವರು, ವಿಭಾಗದ ಮುಖ್ಯಸ್ಥರು ಇವರೆಲ್ಲ ಹೇಳುವುದು ಒಂದೇ ಮಾತು: ನಮ್ಮ ಕೈ ಕಟ್ಟಿದೆ. ದರ ಏರಿಸಲು ಕೈ ಕಟ್ಟಿದೆ, ಒಪ್ಪಬೇಕು. ಕಾಯಂ ಮಾಡಲು ಕೈ ಕಟ್ಟಿದೆ, ಅದೂ ಸರಿ. ಆದರೆ ಹಾಜರಿ ಪುಸ್ತಕ ಬೇರೆ ಇಡಿ ಎಂದು ಯಾವ ಸರ್ಕಾರ ಹೇಳಿದೆ? ಬಿಲ್ಲನ್ನು ಮೂರು ತಿಂಗಳಿಗೊಮ್ಮೆ ಕಟ್ಟು ಕಟ್ಟಿ ಖಜಾನೆಗೆ ಕಳಿಸಿ ಎಂದು ಯಾವ ಆದೇಶದಲ್ಲಿದೆ? ಆರು ವರ್ಷ ಪಾಠ ಮಾಡಿದವರಿಗೆ ಅನುಭವ ಪತ್ರ ಕೊಡಲು ಸತಾಯಿಸುವುದು, ಸ್ಟಾಫ್ ರೂಮಿನಲ್ಲಿ ಕಪಾಟು ಕೊಡದಿರುವುದು, ವಿಭಾಗದ ಫಲಕದ ಮೇಲೆ ಹೆಸರು ಬರೆಯದಿರುವುದು, ನ್ಯಾಕ್ ತಂಡ ಬರುವ ವಾರ ಮಾತ್ರ ‘ನಮ್ಮ ಫ್ಯಾಕಲ್ಟಿ’ ಎಂದು ಪರಿಚಯಿಸಿ ತಂಡ ಹೋದ ಮರುದಿನ ‘ಗೆಸ್ಟ್’ ಎನ್ನುವುದು. ಇದಕ್ಕೆಲ್ಲ ಹಣಕಾಸು ಇಲಾಖೆ ಹೊಣೆಯಲ್ಲ. ಇವು ಕಾಲೇಜಿನೊಳಗೇ ಹುಟ್ಟಿದ ಸಣ್ಣ ಕ್ರೌರ್ಯಗಳು. ಇವನ್ನು ನಿಲ್ಲಿಸಲು ಒಂದು ರೂಪಾಯಿಯ ಅನುದಾನವೂ ಬೇಡ.

ಈ ಆಡಳಿತಗಾರರು ಹೊರಗಿನಿಂದ ಬಂದವರಲ್ಲ ಎಂಬುದು ಇನ್ನೂ ಕಸಿವಿಸಿಯ ಸಂಗತಿ. ಪ್ರಾಂಶುಪಾಲರಲ್ಲಿ ಬಹುಪಾಲು ಮಂದಿ ನಿನ್ನೆಯವರೆಗೂ ಅದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿದವರು. ಅವರ ಕಷ್ಟವೂ ಸುಳ್ಳಲ್ಲ: ಎರಡೆರಡು ಕಾಲೇಜಿನ ಪ್ರಭಾರ, ಮುಗಿಯದ ಪೋರ್ಟಲ್‌ಗಳು, ಸ್ಕಾಲರ್‌ಶಿಪ್ಪಿನ ಹಣ ಬಾರದೆ ಗಲಾಟೆ ಮಾಡುವ ವಿದ್ಯಾರ್ಥಿ ಸಂಘ. ಆದರೆ ಪ್ರಭಾರ ಎಂಬ ಪದದಲ್ಲೇ ಒಂದು ಅನುಕೂಲವಿದೆ. ನಾಳೆ ಇಲ್ಲಿರುತ್ತೇನೋ ಇಲ್ಲವೋ ಎಂಬಾತ ಯಾವುದಕ್ಕೂ ಉತ್ತರ ಹೇಳಬೇಕಿಲ್ಲ. ಅದೇ ಅನಿಶ್ಚಯ ಗಂಟೆ ಲೆಕ್ಕದವರಿಗೆ ಹೆದರಿಕೆ, ಕುರ್ಚಿಯವರಿಗೆ ರಕ್ಷಣೆ.

ಕಾನೂನಿನ ನೆಪವೂ ಸವೆಯುತ್ತಿದೆ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದ 2006ರ ತೀರ್ಪನ್ನು ತೋರಿಸಿ ಕಾಯಂ ಸಾಧ್ಯವಿಲ್ಲ ಎನ್ನುವುದು ರೂಢಿ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಸಲದ ದಾರಿಯನ್ನು ಅದೇ ತೀರ್ಪು ತೆರೆದಿಟ್ಟಿತ್ತು ಎಂಬುದನ್ನು ಹೇಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ನಿರಂತರ ಕೆಲಸಕ್ಕೆ ತಾತ್ಕಾಲಿಕ ಹೆಸರಿಟ್ಟು ದುಡಿಸಿಕೊಳ್ಳಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದೆಂದಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ ಬಂತು: ಅವರಿಗೆ 30,000, ಅದೇ ಪಾಠ ಮಾಡುವ ಕಾಯಂ ಮಂದಿಗೆ ಸುಮಾರು 1.36 ಲಕ್ಷ. ವೇದಿಕೆಯ ಮೇಲೆ ಗುರುವನ್ನು ಬ್ರಹ್ಮ ವಿಷ್ಣು ಎಂದು ಹಾಡಿದರೆ ಸಾಲದು ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಯುಜಿಸಿಯ 2018ರ ನಿಯಮಾವಳಿಯಂತೆ ಗುತ್ತಿಗೆಯವರು ಒಟ್ಟು ಹುದ್ದೆಗಳ ಶೇಕಡಾ 10 ಮೀರಬಾರದು, ಅವರ ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಸಂಬಳಕ್ಕಿಂತ ಕಡಿಮೆಯಿರಬಾರದು. 2025ರ ಜನವರಿಯ ಕರಡಿನಲ್ಲಿ ಆ ಶೇಕಡಾ 10ರ ಮಿತಿಯೇ ಕಾಣೆಯಾಗಿತ್ತು. ಮನೆ ತುಂಬ ಅತಿಥಿಗಳಾದಾಗ ನಿಯಮ ಪಾಲಿಸುವುದಕ್ಕಿಂತ ನಿಯಮ ಅಳಿಸುವುದೇ ಸಲೀಸು.

ಇಲ್ಲೊಂದು ನಿಜವಾದ ತಕರಾರಿದೆ, ಅದನ್ನು ದಾಟಿ ಹೋಗುವಂತಿಲ್ಲ. ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ನೆಟ್, ಸೆಟ್, ಪಿಎಚ್‌ಡಿ ಮುಗಿಸಿ ಅಧಿಸೂಚನೆಗಾಗಿ ಕಾಯುತ್ತಿರುವ ಮಕ್ಕಳಿದ್ದಾರೆ. ಗುತ್ತಿಗೆಯವರನ್ನೆಲ್ಲ ಹಾಗೆಯೇ ಕಾಯಂ ಮಾಡಿದರೆ ಉಳಿಯುವ ಹುದ್ದೆ ಎಷ್ಟು, ಮೀಸಲಾತಿಯ ರೋಸ್ಟರ್ ಏನಾಗುತ್ತದೆ ಎಂದು ಅವರು ಕೇಳುತ್ತಾರೆ. ಕೇಳಲೇಬೇಕು, ದಲಿತ, ಹಿಂದುಳಿದ ಮನೆಗಳಿಂದ ಬಂದ ಮೊದಲ ಪೀಳಿಗೆಯ ಪಿಎಚ್‌ಡಿಗಳಿಗೆ ರೋಸ್ಟರ್ ಬಿಟ್ಟರೆ ಬೇರೆ ಬಾಗಿಲಿಲ್ಲ. ಆದರೆ ಈ ಇಬ್ಬರನ್ನು ಎದುರುಬದುರು ನಿಲ್ಲಿಸಿದವರು ಯಾರು? ವರ್ಷ ವರ್ಷ ಸ್ವಲ್ಪ ಸ್ವಲ್ಪ ನೇಮಕ ಮಾಡಿದ್ದರೆ ಮೂವತ್ತರಲ್ಲಿ ಅರ್ಜಿ ಹಾಕಬೇಕಿದ್ದವರು ನಲವತ್ತೈದಕ್ಕೆ ಬಂದು ಇಪ್ಪತ್ತೆಂಟರವರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಖಾಲಿಯಿರುವ ಹುದ್ದೆಗಳನ್ನು ರೋಸ್ಟರಿನಂತೆ ತುಂಬುವುದು, ಅದರಲ್ಲಿ ಸೇವಾವಧಿಗೆ ಅಂಕ ಕೊಡುವುದು, ವಯೋಮಿತಿ ಸಡಿಲಿಸುವುದು, ಆಯ್ಕೆಯಾಗದವರಿಗೂ ಯುಜಿಸಿ ದರ ಕೊಡುವುದು, ಇವುಗಳಲ್ಲಿ ಯಾವುದೂ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಅಲ್ಲಿಯವರೆಗೆ ಹೈದರಾಬಾದಿನ ಪ್ರಾಂಶುಪಾಲರ ಮೇಜಿಗೆ ತಿಂಗಳ ಕೊನೆಗೆ ಬಿಲ್ಲು ಬರುತ್ತದೆ. ಅದರಲ್ಲಿ 72 ಗಂಟೆ ಎಂದಿರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಸಿಲಬಸ್ ಮುಗಿಸಲು ತೆಗೆದುಕೊಂಡ ಹೆಚ್ಚಿನ ತರಗತಿಗಳು, ತಿದ್ದಿದ ಅಸೈನ್‌ಮೆಂಟುಗಳು, ಕಾರಿಡಾರಿನಲ್ಲಿ ನಿಂತು ಹುಡುಗಿಯೊಬ್ಬಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಟ್ಟ ಅರ್ಧ ಗಂಟೆ ಅದರಲ್ಲಿ ಇರುವುದಿಲ್ಲ. ಪ್ರಾಂಶುಪಾಲರಿಗೆ ಅದು ಗೊತ್ತಿರುತ್ತದೆ. ಬಿಲ್ಲಿನ ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ರಬ್ಬರ್ ಮುದ್ರೆ ಬೀಳುತ್ತದೆ, ಅದರ ಮೇಲೆ ಸಹಿ. ಸಹಿಯ ಕೆಳಗೆ ಅವರ ಹುದ್ದೆ: ಇನ್‌ಚಾರ್ಜ್.