ಕಲ್ಲು ಮನೆ ಕೆಡವೋ ಮೊದಲು ಒಂದು ಮಾತು



ಮುಂಗಾರಿಗೆ ಮುಂಚೆ ಮಾಳಿಗೆ ಮೇಲಿನ ಹುಲ್ಲು ಕೀಳಿಸಿ ಚೌಳು ಮಣ್ಣು ಹಾಕಿಸ್ತಾ ಇದ್ದೆ. ಹಳೇ ಕಂಬ, ಬಾಗಿಲು ಕೊಳ್ಳೋನು ಬಂದು, "ಯಜಮಾನ್ರೇ, ಕಲ್ಲುಕಂಬ ಕೊಡ್ತೀರಾ? ರೆಸಾರ್ಟಿಗೆ ಬೇಕು" ಅಂದ. ಕೊಡಲ್ಲ ಅಂದೆ. ಮಗ ಮುಖ ಊದಿಸಿಕೊಂಡ. ಹೆಣ್ಣು ಕೊಡೋರು ಮೊದಲು ಆರ್‌ಸಿಸಿ ಮನೆ ಇದೆಯಾ ಅಂತ ಕೇಳ್ತಾರೆ. ಅವನದ್ದೂ ತಪ್ಪಲ್ಲ.

ಮಧುಗಿರಿ ಕೋಟೆ, ಶಿರಾದ ಮಲಿಕ್ ರಿಹಾನ್ ದರ್ಗಾ ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿವೆ. ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಉಳೀತು, ಈಗ ಅದು ಮ್ಯೂಸಿಯಂ. ರಾಜ ಕಟ್ಟಿದ್ದು ಉಳಿಯುತ್ತೆ, ಕವಿ ಇದ್ದಿದ್ದು ಉಳಿಯುತ್ತೆ. ರಾಗಿ ಬೆಳೆದೋರು ಇದ್ದ ಮನೆ ಕೇಳೋರಿಲ್ಲ.

ಹಾಗಂತ ಕೋಟೆಗೆ ಇರೋ ಕಾನೂನೇ ನಮ್ಮ ಮನೆಗೂ ಬರಲಿ ಅಂತ ನಾನು ಹೇಳಲ್ಲ. 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟಂಗಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಅದು ಹಳ್ಳಿ ಮನೆಗೆ ಬಂದ್ರೆ ಪಕ್ಕದೋನು ಕೊಟ್ಟಿಗೆ ಸಹ ಕಟ್ಟಂಗಿಲ್ಲ. ಇಂಗ್ಲೆಂಡಿನಲ್ಲಿ ಬೇರೆ ದಾರಿ ಇದೆ. ಅಲ್ಲಿ ರೈತರ ಹಳೇ ಕಲ್ಲು ಮನೆಗಳೂ ಸರ್ಕಾರದ ಪಟ್ಟಿಯಲ್ಲಿವೆ. ಜನ ಅದರಲ್ಲೇ ಬಾಳ್ತಾರೆ. ಕೆಡವೋಕೆ, ರೂಪ ಬದಲಾಯಿಸೋಕೆ ಅನುಮತಿ ತಗೋಬೇಕು.

ನಮಗೂ ಅಂಥ ಪಟ್ಟಿ ಬೇಕು. ಆದರೆ ಬರೀ "ಮುಟ್ಟಬೇಡ" ಅನ್ನೋ ಪಟ್ಟಿ ಆದ್ರೆ, ಜನ ಮುಟ್ಟದೇನೇ ಮನೆ ಬೀಳೋಕೆ ಬಿಡ್ತಾರೆ. ಮಾಳಿಗೆ ರಿಪೇರಿಗೆ ದುಡ್ಡು ಕೊಡಬೇಕು, ಚಪ್ಪಡಿ ಕೂರಿಸೋ ಕೆಲಸ ಹುಡುಗರಿಗೆ ಕಲಿಸಬೇಕು. ನಮ್ಮ ಸುತ್ತಮುತ್ತ ಆ ಕೆಲಸ ಗೊತ್ತಿರೋರು ಎಲ್ಲಾ ಮುದುಕರೇ.

ಸರ್ಕಾರ ಬರೋವರೆಗೆ ನಾವು ಮಾಡೋದೂ ಇದೆ. ವರ್ಷಕ್ಕೊಂದು ಸಲ ಮಾಳಿಗೆ ನೋಡಿ, ನೀರು ಹೋಗೋ ದೋಣಿ ಕಟ್ಟಿಕೊಳ್ಳದಂಗೆ ನೋಡಿಕೊಳ್ಳಿ. ಮಣ್ಣಿನ ಗಾರೆ ಗೋಡೆಗೆ ಸಿಮೆಂಟ್ ಬಳೀಬೇಡಿ, ತೇವ ಒಳಗೇ ನಿಂತು ಗೋಡೆ ಕೆಡುತ್ತೆ. ಸುಣ್ಣದ ಗಾರೆ ಸಾಕು.

ಮಗನಿಗೆ ಒಪ್ಪಿಸಿದ್ದು ಇಷ್ಟು: ಹಿತ್ತಲಲ್ಲಿ ಒಂದು ಆರ್‌ಸಿಸಿ ರೂಮು, ಬಚ್ಚಲು, ಪಾಯಿಖಾನೆ. ಮುಂದಿನ ಮನೆ ಹಂಗೇ ಇರಲಿ. ಏಪ್ರಿಲ್ ಮಧ್ಯಾಹ್ನ ಅವನು ಎಲ್ಲಿ ಮಲಗ್ತಾನೆ ಅಂತ ನೀವೇ ಬಂದು ನೋಡಿ.

ಕಂಬ ಮಾರಿದ ದುಡ್ಡು ಒಂದು ಬೋರ್ ಕೊರೆಸೋಕೂ ಸಾಲಲ್ಲ. ಆ ಬೋರಲ್ಲಿ ನೀರು ಬರುತ್ತೆ ಅಂತಾನೂ ಇಲ್ಲ. ನಿಮ್ಮೂರಲ್ಲಿ ಇಂಥ ಮನೆ ಎಷ್ಟು ಉಳಿದಿವೆ? ಎಣಿಸಿ ಬರೀರಿ. ಪಟ್ಟಿ ನಾವೇ ಶುರು ಮಾಡೋಣ.