ವೈದ್ಯರ ವಿಭಾಗ: ಒಲವೋ, ಅನುಕೂಲವೋ?

ಮಗನೋ ಮಗಳೋ ಎಂ.ಬಿ.ಬಿ.ಎಸ್. ಮುಗಿಸಿದೊಡನೆ ಮನೆಯಲ್ಲಿ ಚರ್ಚೆಯೊಂದು ಏಳುವುದುಂಟು: ಮುಂದೆ ಯಾವ ವಿಭಾಗ? ರಾತ್ರಿ ಕರೆ ಬಾರದ, ಭಾನುವಾರ ಬಿಡುವಿರುವ, ಕೈತುಂಬ ವರಮಾನ ತರುವ ವಿಭಾಗವೇ ಲೇಸೆಂಬುದು ಹಿರಿಯರ ಹಿತವಚನ. ಚರ್ಮರೋಗ, ಕ್ಷ-ಕಿರಣ ವಿಭಾಗಗಳಿಗೆ ಇಂದಿರುವ ನೂಕುನುಗ್ಗಲಿಗೆ ಇದೂ ಒಂದು ಕಾರಣ. ಈ ಮಾತಿನ ಹಿಂದೆ ವಾತ್ಸಲ್ಯವಿದೆ, ಅದನ್ನು ಹಳಿಯಲಾಗದು. ಆದರೆ ವಿವೇಕವೂ ಅಷ್ಟೇ ಇದೆಯೇ ಎಂಬುದು ವಿಚಾರಾರ್ಹ.

ಚೆನ್ನೈವಾಸಿಗಳು ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಅಡ್ಯಾರಿನವರೆಗೆ ಹೋದರೆ ಸಾಕು. ಕ್ಯಾನ್ಸರಿಗೆ ಸೋದರಿಯನ್ನು ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಆ ದುಃಖವನ್ನೇ ಸಂಕಲ್ಪವಾಗಿಸಿ 1954ರಲ್ಲಿ ಅಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ತೆರೆದರು. ಆಗ ಇದ್ದುದು 12 ಹಾಸಿಗೆಗಳು. ಮರುವರ್ಷ, ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪಡೆದ ಡಾ. ವಿ. ಶಾಂತಾ ಅವರಿಗೆ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಯ ಹುದ್ದೆ ಕೈಗೆ ಬಂದಿತ್ತು. ಅದನ್ನು ತೊರೆದು ಅವರು ಈ ಪುಟ್ಟ ಸಂಸ್ಥೆಯನ್ನು ಸೇರಿದರು. ಕ್ಯಾನ್ಸರೆಂದರೆ ಮರಣವೆಂದೇ ಜನ ನಂಬಿದ್ದ ಕಾಲವದು. ಸಂಸ್ಥೆಯ ಆವರಣದಲ್ಲೇ ನೆಲೆಸಿದ ಅವರು 2021ರ ಜನವರಿಯಲ್ಲಿ ಕಣ್ಣುಮುಚ್ಚುವವರೆಗೂ ಅದನ್ನು ಬಿಡಲಿಲ್ಲ. 1984ರಲ್ಲಿ ಅದೇ ಸಂಸ್ಥೆ ಕ್ಯಾನ್ಸರ್ ತಜ್ಞರ ಉನ್ನತ ಶಿಕ್ಷಣವನ್ನು ಆರಂಭಿಸಿತು. ಇಂದು ತರುಣರು ಆರಿಸಿಕೊಳ್ಳಬಲ್ಲ ಈ ವಿಭಾಗ, ಅನುಕೂಲವನ್ನು ಲೆಕ್ಕಿಸದವರು ಹಾಕಿದ ಹಾದಿ.

ಎಲ್ಲರೂ ಶಾಂತಾ ಆಗಲಾರರು. ಆಗಬೇಕೆಂಬ ಹಟವೂ ಸಲ್ಲದು. ಬಿಡುವನ್ನೂ ಸಂಸಾರಸುಖವನ್ನೂ ಬಯಸುವುದು ಅಪರಾಧವಲ್ಲ. ಚರ್ಮರೋಗ ವಿಭಾಗವೂ ಕೀಳಲ್ಲ. ಮುಖಕಾಂತಿ ಬಯಸಿ ಬರುವವರಂತೆ ಕುಷ್ಠರೋಗಿಯೂ ಆ ವೈದ್ಯರ ಬಾಗಿಲಿಗೇ ಬರುತ್ತಾನೆ. ಒಲವಿನಿಂದ ಆ ವಿದ್ಯೆ ಕಲಿತವರು ಇಬ್ಬರನ್ನೂ ಸಮನಾಗಿ ಕಾಣುವರು. ಅನುಕೂಲಕ್ಕೆಂದೇ ಬಂದವರಿಗೆ ಎರಡನೆಯವನು ಹೊರೆಯಾದಾನು. ಆದ್ದರಿಂದ ಯಾವ ವಿಭಾಗ ಎಂಬುದಕ್ಕಿಂತ ಏತಕ್ಕಾಗಿ ಎಂಬುದೇ ಮುಖ್ಯ. ಒಲವಿಲ್ಲದ ಕೆಲಸದಲ್ಲಿ ಭಾನುವಾರದ ಬಿಡುವು ದೊರೆತರೂ ಉಳಿದ 6 ದಿನಗಳನ್ನು ಕಳೆಯುವುದು ಸುಲಭವಲ್ಲ. ಆ ಬೇಸರದ ಬೆಲೆಯನ್ನು ವೈದ್ಯರೊಡನೆ ರೋಗಿಯೂ ತೆರಬೇಕಾಗುತ್ತದೆ.

ಹಿರಿಯರು ಮಕ್ಕಳಿಗೆ ವರಮಾನದ ಲೆಕ್ಕ ಒಪ್ಪಿಸುವ ಮೊದಲು ಒಂದು ಮಾತು ಕೇಳಲಿ: “ಪಾಳಿ ಮುಗಿದ ಮೇಲೂ ನಿನ್ನ ಕಾಲು ಯಾವ ವಾರ್ಡಿನಲ್ಲಿ ನಿಲ್ಲುತ್ತದೆ?” ಅದಕ್ಕೆ ಬರುವ ಉತ್ತರವನ್ನು ಗೌರವಿಸುವುದೇ ಮಕ್ಕಳಿಗೂ ಸಮಾಜಕ್ಕೂ ಹಿತ.